ಬೆನ್ನಿಗಂಟಿದ ಬಣ್ಣ

ನಮ್ಮ ದೇಶದಲ್ಲಿ ಕೊಲೆಯ ಬಣ್ಣ ಹಳದಿ.
ಕೆಂಪಲ್ಲ, ರಕ್ತ ಎಷ್ಟೇ ಚೆಲ್ಲಿರಲಿ, ಹಳದಿ.
ಯಾವನೋ ಪ್ರಕಾಶಕ ಯಾವುದೋ ಕಾಲದಲ್ಲಿ
ಪತ್ತೇದಾರಿಗೆಲ್ಲ ಹಳದಿ ರಟ್ಟು ಹೊದಿಸಿದ;
ರಟ್ಟು ಹರಿಯಿತು, ಬಣ್ಣ ನಾಲಿಗೆಗೆ ಹತ್ತಿತು.
ಪ್ರೇಮಕ್ಕೆ ಗುಲಾಬಿ. ಅದಕ್ಕೆ ಕಾರಣ ಕೇಳಬೇಡಿ.

ತ್ರಿಯೆಸ್ತೆಯ ಗುಡ್ಡದ ಮೇಲಿನ ಈ ವಾಚನಾಲಯದಲ್ಲಿ
ಇಪ್ಪತ್ತಾರು ವರ್ಷದಿಂದ ನನ್ನದು ಅಂಟಿಸುವ ಕೆಲಸ.
ಹೆಸರು ನೀವೆಸ್. ಬೆರಳ ತುದಿಯಲ್ಲಿ ಗೋಂದಿನ ಪೊರೆ,
ಮನೆಯಲ್ಲಿ ಹಿಟ್ಟು ಕಲಸಿದರೂ ಅದೇ ವಾಸನೆ.
ಬೋರಾ ಗಾಳಿಯ ದಿನ ಬಾಗಿಲು ತಾನೇ ತೆರೆದು
ಚೀಟಿಗಳು ಹಾರಿ ನನ್ನ ಸ್ವೆಟರಿಗೆ ಅಂಟುತ್ತವೆ:
ಒಂದು ತೋಳು ಪ್ರೇಮ, ಒಂದು ತೋಳು ಕೊಲೆ,
ಬೆನ್ನ ಮೇಲೆ ಏನಿದೆಯೋ, ನನಗೆ ಕಾಣದು.

ಗುಲಾಬಿಯನ್ನು ಯಾರೂ ಬೆನ್ನು ತೋರಿಸಿ ಹಿಡಿಯುವುದಿಲ್ಲ.
ಮಾಂಸದಂಗಡಿಯ ಗಾಸ್ಪರೆ ಪ್ರತಿ ಶನಿವಾರ
ಕೈಮಾ ಕಟ್ಟುವ ಕಾಗದದಲ್ಲಿ ಎರಡೆರಡು ಸುತ್ತಿ ಒಯ್ಯುತ್ತಾನೆ.
ಅತ್ತೆಗೆ, ಅನ್ನುತ್ತಾನೆ.
ಅತ್ತೆಗೆ ಕಣ್ಣು ಹೋಗಿ ಒಂಬತ್ತು ವರ್ಷ.

ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ ಎಜಿದಿಯೊ
ಹಳದಿ ಬಿಟ್ಟು ಬೇರೆ ಮುಟ್ಟಿದವನಲ್ಲ.
ಮೂವತ್ತನೇ ಪುಟಕ್ಕೆ ಹೆಣ ಬೀಳದಿದ್ದರೆ
ಹಾಲು ಒಡೆದಿದೆ ಅನ್ನುವ ಮುಖದಲ್ಲಿ ತಂದಿಡುತ್ತಿದ್ದ.
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ,
ಇವನದು ಅದರ ತಿರುವುಮುರುವು:
ಹಳದಿಯಾದದ್ದು ಮಾತ್ರ ಕಾಣುವ ಕಣ್ಣು.

ಒಂದು ಮಾರ್ಚ್ ತಿಂಗಳಲ್ಲಿ ಒಂದು ಕಾದಂಬರಿ ಬಂತು, ಸಣ್ಣದು.
ಉಪ್ಪಿನ ಗದ್ದೆಯಲ್ಲಿ ಹೆಂಗಸೊಬ್ಬಳು ಸಾಯುತ್ತಾಳೆ, ಮೊದಲ ಸಾಲಿನಲ್ಲೇ.
ಆಮೇಲೆ ಇನ್ನೂರು ಪುಟ ಅವಳ ತಂಗಿ
ಅಕ್ಕನ ಕೋಟಿಗೆ ಗುಂಡಿ ಹೊಲಿಯುತ್ತಾಳೆ, ಬಿಚ್ಚುತ್ತಾಳೆ.
ದೋಣಿಯವನೊಬ್ಬನನ್ನು ಪ್ರೀತಿಸುತ್ತಾಳೆ, ಅದೂ ಅಷ್ಟಕ್ಕಷ್ಟೇ.
ಎಲ್ಲಿಡಲಿ? ಮಧ್ಯಾಹ್ನವೆಲ್ಲ ಮೇಜಿನ ಮೇಲಿತ್ತು,
ಕುಲ ಯಾವುದೆಂದು ಕೇಳಿದ್ದಕ್ಕೆ
ಸುಮ್ಮನೆ ನಿಂತ ಮಗುವಿನ ಹಾಗೆ.
ಹೆಣ ಇದೆಯಲ್ಲ, ಸರಿ, ಅಂದು ಹಳದಿ ಅಂಟಿಸಿದೆ.
ಐದೂವರೆಗೆ ನನಗೆ ಬಸ್ಸಿತ್ತು.

ಎಜಿದಿಯೊ ಒಯ್ದ. ವಾರ ಬಿಟ್ಟು ಬಂದ.
"ಕೊಂದವರಾರು ಅಂತ ಬರೆದೇ ಇಲ್ಲ" ಅಂದ.
"ಕೊನೇ ಹಾಳೆ ಹರಿದಿದೆಯೇನೋ ಅಂತ ಹೊಲಿಗೆ ಬಿಡಿಸಿ ನೋಡಿದೆ."
ಕ್ಷಮಿಸಿ ಅನ್ನಲು ಬಾಯಿ ತೆರೆದೆ.
"ಗುಮಾನಿಯಿಂದಲೇ ಓದಿದೆ ನೋಡಿ, ಒಂದೊಂದು ಗುಂಡಿಯನ್ನೂ.
ನನ್ನ ತಮ್ಮ ಹಡಗಿನಿಂದ ಬಿದ್ದು ಹೋದಾಗಲೂ
ಇಷ್ಟು ಕೂಲಂಕಷವಾಗಿ ನಾನು ನೋಡಿರಲಿಲ್ಲ."
ಇನ್ನೊಂದು ವಾರಕ್ಕೆ ಮುದ್ರೆ ಒತ್ತಿಸಿಕೊಂಡು ಹೋದ.

ಅಂದೇ ತೀರ್ಮಾನಿಸಿದೆ: ಚೀಟಿಗಳೆಲ್ಲ ಸುಳ್ಳು, ಕಿತ್ತುಬಿಡೋಣ.
ಉಗುರಿನಿಂದ ಕೆರೆದೆ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆ.
ಮೂರು ಕಪಾಟು ಬರಿಬೆನ್ನಾದವು,
ಸಮುದ್ರಕ್ಕೆ ಹಾರಲು ನಿಂತ ಹುಡುಗರಂತೆ.

ಆಗ ಬಂದಳು ದೆಲ್ಫಿನಾ. ಕರಿಯ ಕೈಗವಸು,
ಗಂಡನ ಶವಪೆಟ್ಟಿಗೆಯ ಬಿಲ್ಲು ಇನ್ನೂ ಚೀಲದಲ್ಲೇ.
"ಯಾರೂ ಸಾಯದ ಪುಸ್ತಕ ಯಾವುದಿದೆ?"
ಬರಿಬೆನ್ನುಗಳ ಮುಂದೆ ನಿಂತೆ.
ಇಪ್ಪತ್ತಾರು ವರ್ಷದ ಓದು, ನಾಲಿಗೆಗೆ ಒಂದೂ ಬರಲಿಲ್ಲ.
ಒಂದೊಂದನ್ನೇ ಎಳೆದು ನೋಡಿದೆ:
ಇದರಲ್ಲಿ ಅಜ್ಜಿ, ಇದರಲ್ಲಿ ನಾಯಿ, ಇದರಲ್ಲಿ ಇಡೀ ಊರು.
ಕಾಯುತ್ತ ಕಾಯುತ್ತ ಅವಳು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು.
ಒಂದು ಗುಲಾಬಿ ಚುಕ್ಕೆ ಇದ್ದಿದ್ದರೆ
ಕತ್ತಲಲ್ಲಿ ಮೆಟ್ಟಿಲ ಕಂಬಿ ಸಿಕ್ಕಿದಂತೆ
ಅವಳೇ ಹಿಡಿದುಕೊಳ್ಳುತ್ತಿದ್ದಳು, ನನ್ನನ್ನು ಕೇಳದೆ.

ಮೇಲಧಿಕಾರಿಗಳ ಪತ್ರ ಬಂದಿದೆ: ಬಣ್ಣದ ಪದ್ಧತಿ ಪಾಲಿಸತಕ್ಕದ್ದು.
ಪಾಲಿಸುತ್ತಿದ್ದೇನೆ.
ಕೆರೆದ ಕಡೆಯೆಲ್ಲ ಗೋಂದು ಉಳಿದು ದೂಳು ಕೂತಿದೆ,
ಹೊಸ ಚೀಟಿ ಸರಿಯಾಗಿ ಕಚ್ಚುತ್ತಿಲ್ಲ.
ಒಳರಟ್ಟಿನ ಮೂಲೆಯಲ್ಲಿ, ಯಾರೂ ಇಲ್ಲದಾಗ, ಪೆನ್ಸಿಲಿನಲ್ಲಿ ಬರೆಯುತ್ತೇನೆ:
ನಾಯಿ ಬದುಕುತ್ತದೆ.
ಬಸ್ಸಿನಲ್ಲಿ ಓದಬೇಡಿ, ಅಳು ಬರುತ್ತದೆ.
ಆ ಸಣ್ಣ ಪುಸ್ತಕದಲ್ಲಿ: ಕೊಂದವರು ಸಿಗುವುದಿಲ್ಲ, ಆದರೂ.

ಅದರ ಹಳದಿಯನ್ನು ಮಾತ್ರ ನಾನು ಕೆರೆದಿರಲಿಲ್ಲ.
ಮೊನ್ನೆ ತೆರೆದರೆ, ನನ್ನ ಸಾಲಿನ ಕೆಳಗೆ
ಯಾರೋ ಒತ್ತಿ ಒತ್ತಿ ಬರೆದಿದ್ದಾರೆ:
ಗುಂಡಿ ಎಣಿಸಿ.